ತಟ್ಟೆಯ ಮೇಲೆ ಯಾರ ಹೆಸರಿದೆ?

ಶಾಸ್ತ್ರೀಯ ಸಂಗೀತದ ಬಗ್ಗೆ ನಮ್ಮ ಗೆಳೆಯರಲ್ಲಿ ಎರಡು ಮಾತು ಓಡಾಡುತ್ತಿವೆ. ಒಂದು, ‘ಅದು ಅವರದು, ನಮಗ್ಯಾಕೆ ಬಿಡ್ರಪ್ಪಾ’ ಅನ್ನುವುದು. ಇನ್ನೊಂದು, ‘ಸಂಗೀತಕ್ಕೆ ಜಾತಿ ಇಲ್ಲ, ಸುಮ್ಮನೆ ಕೂತು ಕೇಳಿ’ ಅನ್ನುವುದು. ಮೊದಲನೆಯದು ನೊಂದವರ ಮಾತು. ಎರಡನೆಯದು ಉಂಡು ಎದ್ದವರ ಮಾತು. ಎರಡನ್ನೂ ನಾವು ಒಪ್ಪುವುದಿಲ್ಲ. ಯಾಕೆ ಒಪ್ಪುವುದಿಲ್ಲ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇವೆ.

ಚಿಂತಾಮಣಿಯಲ್ಲಿ ನಾವು ಕೆಲವರು ಕೂಡಿ ಹಳೆಯ ಧ್ವನಿಮುದ್ರಿಕೆಗಳನ್ನು ಕೇಳುತ್ತೇವೆ. ನಮ್ಮಲ್ಲಿ ಹಳ್ಳಿ ಶಾಲೆಯ ಮೇಷ್ಟರಿದ್ದಾರೆ, ಕಾಲೇಜು ಹುಡುಗ ಹುಡುಗಿಯರಿದ್ದಾರೆ, ರೇಷ್ಮೆ ನೂಲು ತೆಗೆಯುವವರಿದ್ದಾರೆ, ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವವರಿದ್ದಾರೆ. ಯಾರ ಮನೆಯ ಗೋಡೆಗೂ ತಂಬೂರಿ ಒರಗಿರಲಿಲ್ಲ. ಮೊದಲು ಕ್ಯಾಸೆಟ್ಟಿನಲ್ಲಿ ಕೇಳಿದೆವು, ಈಗ ಮೊಬೈಲಿಗೆ ಒಂದು ಸ್ಪೀಕರು ಸಿಕ್ಕಿಸಿಕೊಂಡು ಕೇಳುತ್ತೇವೆ. ಕೇಳಿ ಮುಗಿದ ಮೇಲೆ ಪ್ರತಿಯೊಬ್ಬರೂ ತಮಗೆ ಅನ್ನಿಸಿದ್ದನ್ನು ಹೇಳಲೇಬೇಕು, ರಾಗ ಗೊತ್ತಿರಲಿ ಬಿಡಲಿ. ಇದು ನಾವು ಹಾಕಿಕೊಂಡ ಕಟ್ಟು.

ರಸಿಕರು ಎಂದು ಕರೆಸಿಕೊಳ್ಳುವವರು ಒಂದು ತಟ್ಟೆ ಕೇಳಿ ಏನು ಹೇಳುತ್ತಾರೆ ನೋಡಿ. ‘ದೈವಿಕ’ ಅಂತಾರೆ, ‘ಶುದ್ಧ’ ಅಂತಾರೆ, ‘ಸಾತ್ವಿಕ’, ‘ಪರಂಪರೆ’, ‘ಸಂಸ್ಕಾರ’ ಅಂತಾರೆ. ಈ ಮಾತುಗಳಲ್ಲಿ ಅರ್ಧ ಮಡಿಯ ಮನೆಯಿಂದಲೇ ಬಂದವು. ಹಾಡಿದವರು ಯಾರು, ಯಾರ ಶಿಷ್ಯರು, ಯಾವ ಊರಿನ ಕಚೇರಿ, ಯಾವ ವರ್ಷ ಎಲ್ಲವೂ ನಾಲಿಗೆಯ ತುದಿಯಲ್ಲಿರುತ್ತದೆ. ಆದರೆ ಮೃದಂಗಕ್ಕೆ ಚರ್ಮ ಬಿಗಿದವರು ಯಾರು? ಕೇಳಿದರೆ ಮಾತೇ ನಿಂತುಹೋಗುತ್ತದೆ. ವಿಮರ್ಶೆ ನಿಲ್ಲುವ ಈ ಜಾಗದಿಂದಲೇ ನಮ್ಮ ಕೇಳುವಿಕೆ ಶುರುವಾಗಬೇಕು.

ಮೊದಲಿಗೆ ತಟ್ಟೆಯನ್ನೇ ತೆಗೆದುಕೊಳ್ಳೋಣ. 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ದನಿಯನ್ನು ಮುದ್ರಿಸಿಕೊಂಡ. ಒಂದು ತಟ್ಟೆಗೆ ಮೂರು ನಿಮಿಷದ ಆಸುಪಾಸು. ಮೂರು ನಿಮಿಷದೊಳಗೆ ಆಕೆ ರಾಗವನ್ನು ಬಿಚ್ಚಿ ಮಡಿಸಿಟ್ಟು, ಕೊನೆಗೆ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಾರೆ. ಜರ್ಮನಿಯಲ್ಲಿ ತಟ್ಟೆ ಅಚ್ಚು ಹಾಕುವವರಿಗೆ ಯಾರ ಹಾಡು ಎಂದು ಗೊತ್ತಾಗಲಿ ಎಂದು ಮಾಡಿದ ಏರ್ಪಾಡು ಅದು. ನಮಗೆ ಕೇಳಿಸಿದ್ದು ಬೇರೆ. ಸಭ್ಯರ ಮನೆಗೆ ಕಾಲಿಡಲಾಗದ ತವಾಯಫ್ ಒಬ್ಬಳು ಯಾರ ಅಪ್ಪಣೆಯನ್ನೂ ಕೇಳದೆ ತನ್ನ ಹೆಸರು ಹೇಳಿಕೊಳ್ಳುತ್ತಿದ್ದಾಳೆ. ಕೊನೆಗಾಲಕ್ಕೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದ ಗೌಹರ್ ಜಾನ್ 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

ಆಗಿನ ದೊಡ್ಡ ದೊಡ್ಡ ಉಸ್ತಾದರು ಯಂತ್ರದ ಮುಂದೆ ಹಾಡಲು ಹಿಂದೆಮುಂದೆ ನೋಡುತ್ತಿದ್ದರು. ತೆರೆದ ಬಾಯಿಂದ ಹಾಡಿದವರು ಹೆಚ್ಚಾಗಿ ತವಾಯಫರು, ದೇವದಾಸಿಯರು. ಬಂಗಾಳದಲ್ಲಿ ಕುಲೀನರು ಹಾಡಿದರೆ ಲೇಬಲ್ಲಿನ ಮೇಲೆ ‘ಅಮೆಚೂರ್’ ಎಂದು ಅಚ್ಚು ಹಾಕುತ್ತಿದ್ದರು. ಅಂದರೆ, ಇವರು ಹೊಟ್ಟೆಪಾಡಿಗೆ ಹಾಡುವವರಲ್ಲ, ತಪ್ಪು ತಿಳಿಯಬೇಡಿ ಎಂದು. ಒಂದು ಸಣ್ಣ ತಟ್ಟೆಯ ನಡುವಿನ ಕಾಗದದ ಮೇಲೂ ಊರು-ಕೇರಿ ಬೇರೆಬೇರೆ.

ತಟ್ಟೆ ಯಾವುದರಿಂದ ಮಾಡಿದ್ದು? ಅರಗಿನಿಂದ. ಮುತ್ತುಗ, ಬೋರೆ ಮರಗಳ ರೆಂಬೆಗಳ ಮೇಲೆ ಹುಳು ಕಟ್ಟುವ ಅರಗನ್ನು ಛೋಟಾನಾಗಪುರದ ಕಾಡುಗಳಲ್ಲಿ ಕೆರೆದು ತಂದವರು ಆದಿವಾಸಿಗಳು. ಅವರ ಕೈಯ ಅರಗು ಪ್ರಪಂಚದ ಎಲ್ಲ ಭಾಷೆಗಳ ಹಾಡನ್ನು ಹೊತ್ತು ತಿರುಗಿತು. ಎಷ್ಟು ತಟ್ಟೆ ತಿರುಗಿಸಿ ನೋಡಿದರೂ ಅವರ ಹೆಸರು ಸಿಕ್ಕುವುದಿಲ್ಲ.

ಇನ್ನೊಂದು ವಿಷಯ. 1925ರ ಸುಮಾರಿಗೆ ಮೈಕು ಬರುವ ತನಕ ತುತ್ತೂರಿಯಂಥ ಒಂದು ಕೊಳವೆಯೊಳಕ್ಕೆ ಹಾಡಬೇಕಿತ್ತು. ಗಾಯಕಿ ಕೊಳವೆಗೆ ಬಾಯಿ ಹತ್ತಿರ ತಂದು ಕೂಗಿ ಹಾಡಬೇಕು. ಚರ್ಮವಾದ್ಯ ಮಾತ್ರ ಆ ಯಂತ್ರಕ್ಕೆ ಸರಿಯಾಗಿ ಹಿಡಿಸುತ್ತಿರಲಿಲ್ಲ. ಹಾಗಾಗಿ ಹಳೆಯ ತಟ್ಟೆಗಳಲ್ಲಿ ತಬಲ, ಮೃದಂಗ ಎಲ್ಲೋ ಹಿತ್ತಲಲ್ಲಿ ಬಡಿದಂತೆ ಕೇಳುತ್ತವೆ. ಮೈಕು ಬಂದ ಮೇಲೆ ಯಂತ್ರದ ಕಿವಿ ನೆಟ್ಟಗಾಯಿತು. ರಸಿಕರ ಕಿವಿಯನ್ನು ನೆಟ್ಟಗೆ ಮಾಡುವ ಮೈಕು ಇನ್ನೂ ಬರಬೇಕಾಗಿದೆ.

ಈಗ ನಾದಸ್ವರಕ್ಕೆ ಬರೋಣ. ತಿರುವಾವಡುದುರೈ ರಾಜರತ್ನಂ ಪಿಳ್ಳೆಯವರ ತೋಡಿಯನ್ನು ನಾವು ಎಷ್ಟು ಸಲ ಕೇಳಿದ್ದೇವೋ ಲೆಕ್ಕವಿಲ್ಲ. ಗಾಂಧಾರವನ್ನು ಹಿಡಿದು ಅವರು ತೂಗುವುದು ನೋಡಿ. ಏತದ ಮರ ಬಗ್ಗಿ ಏಳುವ ಹಾಗೆ, ನೀರು ತುಂಬಿದ ಭಾರವೂ ಇದೆ, ಏಳುವ ಹುರುಪೂ ಇದೆ. ಈ ಮಾತು ನಮ್ಮ ಗೆಳೆಯನೊಬ್ಬನದು. ಅವನಿಗೆ ತೋಡಿ ಗೊತ್ತಿಲ್ಲ, ಏತ ಗೊತ್ತು. ‘ಇದೇನ್ರೀ ವಿಮರ್ಶೆ’ ಎಂದು ಯಾರಾದರೂ ಕೇಳಬಹುದು. ತೋಡಿಯ ಗಾಂಧಾರ ಒಂದೇ ಕಡೆ ನಿಲ್ಲುವುದಿಲ್ಲ, ತೂಗುತ್ತಲೇ ಇರಬೇಕು ಎಂದು ಶಾಸ್ತ್ರವೂ ಹೇಳುತ್ತದೆ. ಶಾಸ್ತ್ರ ಹೇಳಿದ್ದನ್ನೇ ಅವನು ಏತದ ಭಾಷೆಯಲ್ಲಿ ಹೇಳಿದ. ಅಷ್ಟೇ ವ್ಯತ್ಯಾಸ.

1898ರಲ್ಲಿ ಹುಟ್ಟಿ 1956ರಲ್ಲಿ ತೀರಿಕೊಂಡ ರಾಜರತ್ನಂ ಅವರ ಕಾಲದಲ್ಲಿ ನಾದಸ್ವರದವರು ನಿಂತುಕೊಂಡೇ ಊದಬೇಕಿತ್ತು. ಮೆರವಣಿಗೆಯಲ್ಲಿ ನಡೆಯುತ್ತಾ, ಗುಡಿಯಲ್ಲಿ ನಿಂತುಕೊಂಡು. ಹಾಡುವವರಿಗೆ, ವೀಣೆಯವರಿಗೆ ವೇದಿಕೆಯ ಮೇಲೆ ಜಮಖಾನ. ರಾಜರತ್ನಂ ‘ನಾನೂ ಕೂತೇ ನುಡಿಸುತ್ತೇನೆ’ ಎಂದು ಹಟ ಹಿಡಿದು ಕೂತರು. ಅವರ ಉದ್ದನೆಯ, ತಗ್ಗಿನ ಶ್ರುತಿಯ ನಾದಸ್ವರವನ್ನು ರೂಪಿಸಿಕೊಟ್ಟವರು ನರಸಿಂಗಂಪೇಟ್ಟೈನ ರಂಗನಾಥನ್ ಆಚಾರಿ. ತೋಡಿಯ ಆ ಗಾಂಭೀರ್ಯದಲ್ಲಿ ಅರ್ಧ ಪಾಲು ಆ ಮರಗೆಲಸದ ಕೈಯದು. ನಮ್ಮ ಕಡೆ ಭಜಂತ್ರಿಗಳ ಸ್ಥಿತಿ ಏನು? ಧಾರೆ ಹೊತ್ತಿಗೆ ಅವರ ವಾಲಗ ಬೇಕೇ ಬೇಕು, ಗಟ್ಟಿಮೇಳವಿಲ್ಲದೆ ತಾಳಿ ಕಟ್ಟುವುದಿಲ್ಲ. ಊಟದ ಪಂಕ್ತಿಯಲ್ಲಿ ಅವರ ಎಲೆ ಎಲ್ಲಿ ಬೀಳುತ್ತದೆ? ಮಂಗಳವಾದ್ಯ ಅನ್ನುತ್ತಾರೆ, ನುಡಿಸುವವನನ್ನು ಮಾತ್ರ ಚಪ್ಪರದ ಮೂಲೆಗೆ ತಳ್ಳುತ್ತಾರೆ.

ಇದೇ ಎಲೆಯ ಅಂಜಿಕೆ ಗಂಗೂಬಾಯಿ ಹಾನಗಲ್ಲರ ಬಾಲ್ಯದಲ್ಲೂ ಇತ್ತು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧಿಯವರ ಎದುರು ಸ್ವಾಗತ ಗೀತೆ ಹಾಡಿದ ಹುಡುಗಿಗೆ ಹಾಡಿನ ಭಯಕ್ಕಿಂತ, ಊಟವಾದ ಮೇಲೆ ಎಂಜಲೆಲೆ ಎತ್ತು ಅಂತಾರೇನೋ ಎಂಬ ಭಯವೇ ಹೆಚ್ಚಾಗಿತ್ತು. ಚಿಕ್ಕಂದಿನಲ್ಲಿ ಬೀದಿಯಲ್ಲಿ ಗ್ರಾಮಫೋನ್ ದನಿ ಕೇಳಿದರೆ ಓಡಿಹೋಗಿ ನಿಂತು ಕೇಳಿ, ಕೇಳಿದ್ದನ್ನು ಹಾಗೇ ಹಾಡುತ್ತಿದ್ದರಂತೆ. ಬೀದಿಯಲ್ಲಿ ನಿಂತು ತಟ್ಟೆ ಕೇಳಿದ ಹುಡುಗಿಯ ದನಿಯನ್ನೇ ಮುಂದೆ ತಟ್ಟೆಗೆ ಹಾಕಿದರು. ಮೊದಮೊದಲ ತಟ್ಟೆಗಳ ಮೇಲೆ ಆಕೆಯ ಹೆಸರು ‘ಗಾಂಧಾರಿ’. ಗಂಡು ಮುಸಲ್ಮಾನನಾದರೆ ಉಸ್ತಾದ್, ಹಿಂದೂ ಆದರೆ ಪಂಡಿತ, ಹೆಂಗಸು ಮಾತ್ರ ಎಷ್ಟು ಹಾಡಿದರೂ ಬರೀ ಬಾಯಿ ಎಂಬರ್ಥದ ಮಾತನ್ನು ಆಕೆಯೇ ಆಡಿದ್ದಾರೆ. ನಾವು ಬಳಸುವ ಮರ್ಯಾದೆಯ ಪದಗಳ ಬಂಡವಾಳವನ್ನು ಇದಕ್ಕಿಂತ ಚೊಕ್ಕವಾಗಿ ಬಯಲು ಮಾಡಿದ ವಿಮರ್ಶಕರು ಯಾರಿದ್ದಾರೆ?

ಗಂಟಲಿನ ಚಿಕಿತ್ಸೆಯ ಮೇಲೆ ಗಂಗೂಬಾಯಿಯವರ ದನಿ ಇಳಿದು ದಪ್ಪವಾಯಿತು. ರಸಿಕರು ಅದನ್ನು ‘ಗಂಡು ದನಿ’ ಅಂದರು. ನಮ್ಮ ಗುಂಪಿನ ಹುಡುಗಿಯೊಬ್ಬಳು ಕೇಳಿ ಹೇಳಿದ್ದು ಇದು: ‘ಗಂಡು ದನಿ ಅಲ್ಲ ಸಾರ್, ಹೊತ್ತು ಮುಳುಗಿದ ಮೇಲೆ ಹೊಲದಿಂದ ಮಗನನ್ನು ಕೂಗೋ ಅಮ್ಮನ ದನಿ.’ ದುಡಿಯುವ ಹೆಂಗಸಿನ ದನಿ ಹೀಗೇ ಇರುತ್ತದೆ. ಹೆಣ್ಣಿನ ದನಿ ಸಣ್ಣಗೆ ಸಿಹಿಯಾಗಿಯೇ ಇರಬೇಕು ಎಂದವರು ಹೊಲದ ಕಡೆ ಹೋದವರಲ್ಲ.

ಚರ್ಮದ ಪ್ರಶ್ನೆಗೆ ಬರುತ್ತೇವೆ. ಮೃದಂಗಕ್ಕೆ ಹಸು, ಮೇಕೆ, ಎಮ್ಮೆ ಮೂರರ ಚರ್ಮವೂ ಬೇಕು. ಗಾಯಕ ಟಿ.ಎಂ. ಕೃಷ್ಣ ಅವರು ‘ಸೆಬಾಸ್ಟಿಯನ್ ಅಂಡ್ ಸನ್ಸ್’ ಎಂಬ ಪುಸ್ತಕದಲ್ಲಿ ಮೃದಂಗ ಮಾಡುವವರ ಬದುಕನ್ನು ಬರೆದರು. ಅವರಲ್ಲಿ ಬಹುಮಂದಿ ದಲಿತ ಕ್ರೈಸ್ತರು. ಪಾಲ್ಘಾಟ್ ಮಣಿ ಅಯ್ಯರ್ ಅವರ ಮೃದಂಗದ ನಾದದ ಹಿಂದೆ ತಂಜಾವೂರಿನ ಪರ್ಲಾಂದು ಎಂಬ ಕುಶಲಿ ಇದ್ದರು. ಚರ್ಮ ಆರಿಸುವುದು, ಹದ ಮಾಡುವುದು, ಕರಣೆ ಹಾಕಿ ಶ್ರುತಿಗೆ ತರುವುದು ಕಿವಿಯ ಕೆಲಸ, ಬರೀ ಕೈಯ ಕೆಲಸವಲ್ಲ. ಶ್ರುತಿಜ್ಞಾನವಿಲ್ಲದವನು ಶ್ರುತಿವಾದ್ಯ ಮಾಡಲಾರ. 2020ರಲ್ಲಿ ಆ ಪುಸ್ತಕದ ಬಿಡುಗಡೆಗೆ ಚೆನ್ನೈನ ಕಲಾಕ್ಷೇತ್ರ ಸಭಾಂಗಣ ಕೊಡಲು ಒಪ್ಪಿ, ಆಮೇಲೆ ಒಪ್ಪಿಗೆ ಹಿಂತೆಗೆದುಕೊಂಡಿತು. ಚರ್ಮದ ನಾದ ಸಭೆಯೊಳಗೆ ಬರಬಹುದು, ಚರ್ಮದ ಮಾತು ಬರಬಾರದು. ಗೋವಿನ ಹೆಸರಲ್ಲಿ ಬೀದಿಯಲ್ಲಿ ಬಡಿಯುವವರು, ಗುಡಿಯೊಳಗೆ ನುಡಿಯುವ ಆ ಚರ್ಮದ ಬಗ್ಗೆ ಏನು ಹೇಳುತ್ತಾರೆ?

ಚರ್ಮ ಒಂದೇ. ಅದನ್ನು ಮರದ ಕಳಸಿಗೆಗೆ ಬಿಗಿದರೆ ಮೃದಂಗ, ಬಳೆಗೆ ಬಿಗಿದು ಬೆಂಕಿಗೆ ಕಾಯಿಸಿದರೆ ತಮಟೆ. ಒಂದು ‘ದೇವವಾದ್ಯ’, ಇನ್ನೊಂದು ಹೆಣದ ಮುಂದಿನ ವಾದ್ಯ. ತಮಟೆಯಲ್ಲೂ ಜಾತ್ರೆಗೊಂದು, ಮದುವೆಗೊಂದು, ಸಾವಿಗೊಂದು ವರಸೆ ಇದೆ. ಹತ್ತಾರು ವರಸೆ ಕಲಿಯಲು ವರ್ಷಗಳು ಬೇಕು. ನಮ್ಮ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಸಂತೋಷ. ಆದರೆ ‘ಜಾನಪದ’ ಎಂಬ ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿದರೆ ಸಾಲದು. ಮೃದಂಗದ ತನಿಯನ್ನು ಅಕ್ಷರ ಅಕ್ಷರ ಲೆಕ್ಕ ಹಾಕಿ ಮಾತಾಡುವವರು ತಮಟೆಯ ಒಂದು ವರಸೆಯನ್ನು ಅಷ್ಟೇ ಶ್ರದ್ಧೆಯಿಂದ ಬಿಡಿಸಿ ಬರೆದಿದ್ದಾರೆಯೇ?

ಇಲ್ಲಿ ನಮ್ಮೊಳಗಿನ ಜಗಳವನ್ನೂ ಹೇಳಬೇಕು. ಊರಿನ ಸಾವಿಗೆ ಬಿಟ್ಟಿಯಾಗಿ ತಮಟೆ ಬಡಿಯುವುದಿಲ್ಲ ಎಂದು ನಮ್ಮ ಕೇರಿಗಳು ಎದ್ದು ನಿಂತದ್ದು ದೊಡ್ಡ ಹೋರಾಟ. ಅದೇ ತಮಟೆಯನ್ನು ದಲಿತ ಸಂಘರ್ಷ ಸಮಿತಿಯ ಜಾಥಾಗಳಲ್ಲಿ ಹೋರಾಟದ ಹಾಡುಗಳಿಗೆ ಬಡಿದದ್ದೂ ಹೋರಾಟವೇ. ‘ಅಪ್ಪ ಬಡಿದದ್ದು ಸಾಕು, ನಾನು ಮುಟ್ಟಲ್ಲ’ ಅನ್ನುವ ಹುಡುಗನನ್ನು ಸಂಸ್ಕೃತಿಯ ಹೆಸರಲ್ಲಿ ಬಯ್ಯುವ ಹಕ್ಕು ಯಾರಿಗೂ ಇಲ್ಲ. ವಾದ್ಯ ಉಳಿಯಬೇಕಾದರೆ ಮೊದಲು ಬಿಟ್ಟಿ ಅಳಿಯಬೇಕು. ಬೇಕೆಂದವನು ಬಡಿಯಲಿ, ಕೂಲಿ ತಗೊಂಡು ಬಡಿಯಲಿ, ಕೂತುಕೊಂಡು ಬಡಿಯಲಿ.

ನಮ್ಮ ತಾಲ್ಲೂಕಿನಲ್ಲೇ ಕೈವಾರ ಇದೆ. ಬಳೆ ಮಾರುತ್ತಿದ್ದ ತಾತಯ್ಯ ತೆಲುಗು ಕನ್ನಡ ಎರಡರಲ್ಲೂ ಪದ ಕಟ್ಟಿದರು. ಗುರುಪೂರ್ಣಿಮೆಗೆ ಅಲ್ಲಿ ಮೂರು ದಿನ ಸಂಗೀತೋತ್ಸವ. ಒಳ್ಳೆಯದೇ. ಹಳ್ಳಿಯ ಭಜನೆಯವರು ಹಾಡಿದ ತಾತಯ್ಯನ ಪದವನ್ನೂ ವಿದ್ವಾಂಸರು ಹಾಡಿದ್ದನ್ನೂ ನಾವು ಒಂದರ ಹಿಂದೆ ಒಂದು ಕೇಳಿ ನೋಡಿದ್ದೇವೆ. ವಿದ್ವಾಂಸರಲ್ಲಿ ರಾಗ ಅರಳುತ್ತದೆ, ಮಾತು ಹಿಂದೆ ಸರಿಯುತ್ತದೆ. ಭಜನೆಯಲ್ಲಿ ಶ್ರುತಿ ಅಲ್ಲಿ ಇಲ್ಲಿ ಜಾರುತ್ತದೆ, ಮಾತು ಎದೆಗೆ ನಾಟುತ್ತದೆ. ಒಂದು ಮೇಲು ಒಂದು ಕೀಳು ಎಂದು ನಾವು ಹೇಳುವುದಿಲ್ಲ. ಒಂದನ್ನು ‘ಕಲೆ’ ಎಂದೂ ಇನ್ನೊಂದನ್ನು ‘ಭಕ್ತಿ ಪಾಪ’ ಎಂದೂ ಕರೆಯುವ ನಾಲಿಗೆಯನ್ನು ಮಾತ್ರ ಪ್ರಶ್ನಿಸುತ್ತೇವೆ.

ಇದೇ ತಾಲ್ಲೂಕಿನಲ್ಲಿ ಕಂಬಾಲಪಲ್ಲಿಯೂ ಇದೆ. 2000ದ ಮಾರ್ಚಿನಲ್ಲಿ ಅಲ್ಲಿ ಏಳು ಮಂದಿ ದಲಿತರನ್ನು ಮನೆಯೊಳಗೆ ಸುಟ್ಟರು. ಆಪಾದಿತರೆಲ್ಲ ಬಿಡುಗಡೆಯಾದರು. ಅರಗಿನ ಮನೆಯ ಕಥೆ ನಮಗೆ ನೆನಪಾಗುತ್ತದೆ. ಪಾಂಡವರು ಸುರಂಗದಲ್ಲಿ ಪಾರಾದರು, ಬೆಂದುಹೋದವರು ಒಬ್ಬ ಬೇಡತಿ ಮತ್ತು ಅವಳ ಐವರು ಮಕ್ಕಳು. ಕಥೆ ಕೇಳುವವರು ಪಾಂಡವರು ಉಳಿದರು ಎಂದು ನಿಟ್ಟುಸಿರು ಬಿಡುತ್ತಾರೆ. ಆ ಆರು ಜನರ ಕೂಗು ಯಾರ ಕಿವಿಗೂ ಬೀಳುವುದಿಲ್ಲ. ರಾಗದಲ್ಲಿ ಕೂದಲೆಳೆಯಷ್ಟು ಅಪಸ್ವರ ಹಿಡಿಯಬಲ್ಲ ಕಿವಿಗೆ ಪಕ್ಕದ ಊರಿನ ಕೂಗು ಕೇಳದಿದ್ದರೆ ಅದು ಸೂಕ್ಷ್ಮ ಕಿವಿಯಲ್ಲ. ಯಾವುದನ್ನು ಕೇಳಬಾರದು ಎಂದು ತಲತಲಾಂತರದಿಂದ ಪಳಗಿಸಿದ ಕಿವಿ.

ಹಾಗಾದರೆ ಸಂಗೀತವನ್ನು ಬಿಟ್ಟುಬಿಡೋಣವೇ? ಬೇಡ. ಗೌಹರ್ ಜಾನ್, ಗಂಗೂಬಾಯಿ, ರಾಜರತ್ನಂ, ಪರ್ಲಾಂದು ಇವರೆಲ್ಲ ಕಟ್ಟಿದ್ದನ್ನು ಯಾರಿಗೋ ಬಿಟ್ಟುಕೊಟ್ಟು ಬರಿಗೈಯಲ್ಲಿ ಎದ್ದು ಬರಲು ನಾವು ದಡ್ಡರಲ್ಲ. ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ ಎಂಬ ದೇವದಾಸಿ 1920ರ ದಶಕದಲ್ಲಿ ತನ್ನ ದುಡಿಮೆಯ ಹಣ ಸುರಿದು ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದರು. ಅಲ್ಲಿನ ಆರಾಧನೆಯಲ್ಲಿ ಹೆಂಗಸರು ಹಾಡುವ ಹಾಗಿರಲಿಲ್ಲ. ಆಕೆ ಎದ್ದು ಹೋಗಲಿಲ್ಲ, ಜಗಳವಾಡಿ ಜಾಗ ತೆಗೆದುಕೊಂಡರು. ನಮ್ಮ ದಾರಿಯೂ ಅದೇ.

ಮೇಷ್ಟರುಗಳಿಗೆ, ವಿದ್ಯಾರ್ಥಿ ಗೆಳೆಯರಿಗೆ ನಮ್ಮ ಸಲಹೆ ಇಷ್ಟು. ನಿಮ್ಮ ಊರಿನಲ್ಲಿ ನಾಲ್ಕು ಜನ ಕೂಡಿ. ಒಂದು ತೋಡಿ ಕೇಳಿ, ಮುರುಗಮಲ್ಲದ ಉರುಸಿನ ಒಂದು ಕವ್ವಾಲಿ ಕೇಳಿ, ಒಂದು ತಮಟೆ ವರಸೆ ಕೇಳಿ, ಮೂರನ್ನೂ ಒಂದೇ ಗಮನದಲ್ಲಿ ಕೇಳಿ. ಅನ್ನಿಸಿದ್ದನ್ನು ನಿಮ್ಮ ಹೊಲ, ಮಗ್ಗ, ಒಲೆಯ ಮಾತಿನಲ್ಲೇ ಹೇಳಿ. ಹಾಡಿದವರ ಹೆಸರಿನ ಜೊತೆಗೆ ವಾದ್ಯ ಮಾಡಿದವರ ಹೆಸರನ್ನು ಹುಡುಕಿ ಬರೆಯಿರಿ. ನಿಮ್ಮ ಕೇರಿಯಲ್ಲಿ ವರಸೆ ಬಲ್ಲ ಹಿರಿಯರಿದ್ದರೆ ಅವರ ಒಪ್ಪಿಗೆ ಕೇಳಿ, ಅವರ ಕೂಲಿ ಕೊಟ್ಟು, ಮೊಬೈಲಿನಲ್ಲಿ ಮುದ್ರಿಸಿಕೊಳ್ಳಿ. ಮುದ್ರಿಕೆಯ ಕೊನೆಯಲ್ಲಿ ಗೌಹರ್ ಜಾನ್ ಹೇಳಿದ ಹಾಗೆ ಅವರ ಹೆಸರನ್ನು ಅವರ ಬಾಯಲ್ಲೇ ಹೇಳಿಸಿ.