ಎರಡು ಗೋಣಿಚೀಲ ಪಾಠಟಿಪ್ಪಣಿ

ನಾಯಂಡಹಳ್ಳಿಯವರಿಗೆ ಗುಜರಿ ಹೊಸದಲ್ಲ. ಇಡೀ ಬೆಂಗಳೂರು ಬೇಡವೆಂದು ಬಿಸಾಡಿದ ಕೊಡ, ಬಕೆಟ್ಟು, ಬಾಟಲಿಗಳು ನಮ್ಮ ಓಣಿಗಳಲ್ಲಿ ಬಣ್ಣಬಣ್ಣಕ್ಕೆ ಬೇರ್ಪಟ್ಟು, ಪುಡಿಯಾಗಿ, ಮತ್ತೆ ಏನೋ ಒಂದಾಗಲು ಹೊರಡುತ್ತವೆ. 2021ರಲ್ಲಿ ಮೆಟ್ರೋ ನಮ್ಮ ತಲೆಯ ಮೇಲೆ ಕೆಂಗೇರಿಗೆ ಹೋದರೂ ಕೆಳಗಿನ ಈ ವ್ಯಾಪಾರ ನಿಲ್ಲಲಿಲ್ಲ. ಪ್ಲಾಸ್ಟಿಕ್ಕಿಗೆ ಇದು ಪುನರ್ಜನ್ಮ. ಬರೆದ ಕಾಗದಕ್ಕೆ ಹಾಗಲ್ಲ. ಕಾಗದ ಮತ್ತೆ ಕಾಗದವಾದೀತು, ಅಕ್ಷರ ಮತ್ತೆ ಅಕ್ಷರವಾಗುವುದಿಲ್ಲ.

ನನಗೆ ಬಿ.ಎಡ್.ನಲ್ಲಿ ಕಲಿಸಿದ ಮೇಡಂ ತೀರಿಕೊಂಡ ಮೇಲೆ ಅವರ ಸೊಸೆ ಫೋನು ಮಾಡಿದಳು. "ಅಕ್ಕಾ, ಅತ್ತೆಯ ಕಾಗದ ಎರಡು ಚೀಲ ಇದೆ. ತೂಕಕ್ಕೆ ಹಾಕೋಕೆ ಮನಸ್ಸು ಬರ್ತಿಲ್ಲ. ಒಂದ್ಸಲ ನೋಡ್ತೀರಾ?" ಆಟೋದಲ್ಲಿ ಹಾಕಿಕೊಂಡು ಬಂದೆ. ಮಧ್ಯಾಹ್ನದ ಅಡುಗೆ ಮುಗಿಸಿ ಒಂದೊಂದೇ ಕಟ್ಟು ಬಿಚ್ಚುತ್ತಾ ಹೋದೆ.

ಸನ್ಮಾನಪತ್ರಗಳು ಮೇಲೇ ಇದ್ದವು. ಕೆಳಗೆ ಇದ್ದದ್ದು ಮೂವತ್ತು ವರ್ಷದ ಪಾಠ ವೀಕ್ಷಣೆಯ ಹಾಳೆಗಳು. ವಿದ್ಯಾರ್ಥಿ ಶಿಕ್ಷಕರು ಶಾಲೆಗೆ ಹೋಗಿ ಪಾಠ ಮಾಡುವಾಗ ಹಿಂದಿನ ಬೆಂಚಿನಲ್ಲಿ ಕೂತು ಬರೆದವು. ಬಿ.ಎಡ್. ಮಾಡಿದ ಹೆಂಗಸರಿಗೆ ಆ ಹಿಂದಿನ ಬೆಂಚಿನ ಭಯ ಹೇಳಿಕೊಡಬೇಕಿಲ್ಲ.

ಒಂದು ಪುಸ್ತಕವನ್ನು ಓದುವ ಹಾಗೆ ಅವನ್ನು ಓದಿದೆ. ಗೌರವದಿಂದಲೇ ಹೇಳುತ್ತೇನೆ, ಮೊದಲ ಭಾಗ ನೀರಸ. ಪೀಠಿಕೆ, ಉದ್ದೇಶ ಪ್ರಕಟಣೆ, ನಿರೂಪಣೆ, ಪುನರಾವರ್ತನೆ: ಎಲ್ಲರ ಪಾಠವೂ ಒಂದೇ ಅಚ್ಚಿನ ಇಡ್ಲಿ. ಜರ್ಮನಿಯ ಹರ್ಬಾರ್ಟ್ (1776-1841) ಎಂಬ ತತ್ವಜ್ಞಾನಿಯ ಶಿಷ್ಯರು ಗಟ್ಟಿಮಾಡಿದ ಹಂತಗಳು ಸಮುದ್ರ ದಾಟಿ ಬಂದು ನಮ್ಮ ಪಾಠಟಿಪ್ಪಣಿಯ ಪುಸ್ತಕದಲ್ಲಿ ಕೂತವು. ಆಮೇಲೆ ಸೂಕ್ಷ್ಮ ಬೋಧನೆ ಬಂತು. 1963ರ ಸುಮಾರಿಗೆ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಹುಟ್ಟಿದ ಈ ಪದ್ಧತಿಯಲ್ಲಿ ಐದೋ ಹತ್ತೋ ನಿಮಿಷ, ನಾಲ್ಕೈದು ಜನ, ಒಂದೇ ಕೌಶಲ. ಪ್ರಶ್ನೆ ಕೇಳುವುದು ಒಂದು ದಿನ, ಕಪ್ಪುಹಲಗೆ ಇನ್ನೊಂದು ದಿನ. ಮೇಡಂ ಎಲ್ಲಕ್ಕೂ ಅಂಕ ಹಾಕಿದ್ದಾರೆ. ಮಗು ಏನು ಹೇಳಿತು ಎನ್ನುವುದಕ್ಕೆ ಮಾತ್ರ ಆ ಹಾಳೆಯಲ್ಲಿ ಜಾಗವೇ ಇಲ್ಲ.

ಇನ್ನೊಂದು ಮಾತು. ಗಂಡುಮಕ್ಕಳ ಹಾಳೆಯಲ್ಲಿ "ವಿಷಯಜ್ಞಾನ ಚೆನ್ನಾಗಿದೆ" ಎಂದಿದ್ದರೆ ನಮ್ಮ ಹಾಳೆಯಲ್ಲಿ "ದನಿ ಮೆತ್ತಗೆ", "ಸೆರಗಿಗೆ ಪಿನ್ನು ಹಾಕಿ". ಬರೆದವರೂ ಹೆಂಗಸೇ! ಹೆಣ್ಣು ಹೆಣ್ಣನ್ನು ನೋಡುವುದಕ್ಕೂ ಬೇರೆಯವರ ಕನ್ನಡಕ ಬೇಕಾಯಿತಲ್ಲ ಎಂದು ಬೇಸರವಾಯಿತು.

1988ರ ಕಟ್ಟಿನಲ್ಲಿ ನನ್ನ ಹಾಳೆಯೂ ಸಿಕ್ಕಿತು. ಎಂಟನೇ ತರಗತಿ, ಕನ್ನಡ. "ಮಕ್ಕಳು ಜೋರಾಗಿ ನಕ್ಕರು. ತರಗತಿ ನಿಯಂತ್ರಣ ದುರ್ಬಲ." ಇಪ್ಪತ್ತಕ್ಕೆ ಒಂಬತ್ತು. ಆ ಒಂದು ಸಾಲಿನಿಂದಲೇ ನಾನು ಟೀಚರಾಗಲಿಲ್ಲ ಎಂದರೆ ಸುಳ್ಳಾದೀತು. ಮದುವೆ, ಬಾಣಂತನ, ಇವರ ವರ್ಗ, ಕಾರಣಗಳು ಹಲವು. ಆದರೆ ಅರ್ಜಿ ಬರೆಯಲು ಕೂತಾಗಲೆಲ್ಲ ಆ ಸಾಲು ಪಕ್ಕದಲ್ಲಿ ಬಂದು ಕೂರುತ್ತಿತ್ತು.

ಧಾರವಾಡದ ನಾರ್ಮಲ್ ಶಾಲೆಯ ಮುಖ್ಯಸ್ಥರಾಗಿ ಉಪಾಧ್ಯಾಯರನ್ನು ತಯಾರು ಮಾಡಿದ ಡೆಪ್ಯುಟಿ ಚನ್ನಬಸಪ್ಪನವರು ಆಗ ನೆನಪಾದರು. ಮರಾಠಿಯ ದಬ್ಬಾಳಿಕೆ ಇದ್ದ ಕಾಲದಲ್ಲಿ ಆ ಸೀಮೆಯಲ್ಲಿ ಕನ್ನಡ ಶಾಲೆಗಳನ್ನು ಬೆಳೆಸಿದವರು ಅವರು. 1871ರಲ್ಲಿ ಶೇಕ್ಸ್‌ಪಿಯರನ ಒಂದು ಪ್ರಹಸನವನ್ನು ಕನ್ನಡಕ್ಕೆ ತಂದು ಇಟ್ಟ ಹೆಸರು "ನಗದವರನ್ನು ನಗಿಸುವ ಕಥೆ". ಉಪಾಧ್ಯಾಯರ ಗುರುವಿಗೆ ನಗು ಅಶಿಸ್ತಾಗಿ ಕಾಣಲಿಲ್ಲ. ನೂರು ವರ್ಷದ ಮೇಲೆ ನಮ್ಮ ಹಾಳೆಗಳಲ್ಲಿ ಅದು ಅಂಕ ಕಳೆಯುವ ದೋಷವಾಯಿತು.

ಇಷ್ಟಕ್ಕೇ ಚೀಲ ಮುಚ್ಚಿದ್ದರೆ ಮೇಡಂಗೆ ಅನ್ಯಾಯ ಮಾಡುತ್ತಿದ್ದೆ. 1999ರ ನೋಟ್‌ಬುಕ್ಕಿನಲ್ಲಿ ಯಾವುದೋ ಹುಡುಗಿಯ ಪಾಠದ ಬಗ್ಗೆ ಬರೆದಿದ್ದಾರೆ: "ಮಕ್ಕಳು ನಕ್ಕರು. ಯಾಕೆ ಎಂದು ಆಮೇಲೆ ಕೇಳಿದೆ. ಮೂವರು ಇಡೀ ಪಾಠವನ್ನೇ ಒಪ್ಪಿಸಿದರು. ಇಷ್ಟು ವರ್ಷ ಹಿಂದೆ ಕೂತು ಟೀಚರ ಮುಖ ನೋಡಿದೆ, ಮಕ್ಕಳದು ಬೆನ್ನು ಮಾತ್ರ." ಅಲ್ಲಿಂದ ಮುಂದೆ ಅಂಕಗಳ ಪಕ್ಕದಲ್ಲಿ ಮಕ್ಕಳ ಮಾತು ಬರತೊಡಗುತ್ತದೆ. ಅಕ್ಷರವೂ ಅವಸರದ್ದಾಗುತ್ತದೆ. ಇಡೀ ಚೀಲದಲ್ಲಿ ಬೆಲೆಬಾಳುವ ಹಾಳೆಗಳು ಇವೇ.

ಅಮೆರಿಕದ ಶಿಕ್ಷಣ ಚಿಂತಕ ಜಾನ್ ಡ್ಯೂಯಿಯ ಕಾಗದಗಳನ್ನು ದಕ್ಷಿಣ ಇಲಿನಾಯ್ ವಿಶ್ವವಿದ್ಯಾಲಯ ಪೆಟ್ಟಿಗೆಗಳಲ್ಲಿ ಜೋಪಾನ ಮಾಡಿದೆ. ನಮ್ಮ ಬೆಂಗಳೂರಿನಲ್ಲೇ ಎನ್‌.ಸಿ.ಬಿ.ಎಸ್. ಸಂಸ್ಥೆ 2019ರಲ್ಲಿ ತೆರೆದ ದಾಖಲೆ ಭಂಡಾರದಲ್ಲಿ ವಿಜ್ಞಾನಿಗಳ ಟಿಪ್ಪಣಿಗಳು ಭದ್ರವಾಗಿವೆ. ಟೀಚರುಗಳನ್ನು ತಯಾರು ಮಾಡಿದವರ ಕಾಗದಕ್ಕೂ ಅಂಥದೊಂದು ಕಪಾಟು ಬೇಡವೇ? 2015ರಿಂದ ಬಿ.ಎಡ್. ಎರಡು ವರ್ಷವಾಯಿತು, ಪಠ್ಯ ಬದಲಾಯಿತು. ಆದರೆ ಒಬ್ಬ ಪ್ರಾಧ್ಯಾಪಕಿಯ ಕಣ್ಣು ಬದಲಾದದ್ದು ಯಾವ ಪಠ್ಯದಲ್ಲಿ ಸಿಗುತ್ತದೆ, ನೀವೇ ಹೇಳಿ.

ಸೊಸೆ ಬಂದಳು. "ಸನ್ಮಾನಪತ್ರ ನಾನು ಇಟ್ಕೊಳ್ತೀನಿ ಅಕ್ಕಾ. ಮಿಕ್ಕಿದ್ದು?" ಮಿಕ್ಕಿದ್ದನ್ನು ವರ್ಷವಾರು ಕಟ್ಟಿ ಟ್ರಂಕಿಗೆ ಹಾಕಿದ್ದೇನೆ, ಕೇಳುವವರು ಬಂದರೆ ಕೊಡಲು. ನನ್ನ ಹಾಳೆಯನ್ನು ತೆಗೆದುಬಿಡೋಣ ಎಂದು ಕೈ ಎರಡು ಸಲ ಹೋಯಿತು. ತೆಗೆಯಲಿಲ್ಲ. 1988ರ ಒಂಬತ್ತು ಅಂಕ ಅಲ್ಲಿ ಇಲ್ಲದಿದ್ದರೆ 1999ರ ಸಾಲಿಗೆ ಅರ್ಥವೇನು?