ಉಪ್ಪಾಗೆ ಗುಳಿಗೆ, ಹುರಳಿ ಕಟ್ಟು

ಬೊಜ್ಜು ಕರಗಿಸುವ ಗಿಡಮೂಲಿಕೆ ಅಂತ ಅಂದದ ಡಬ್ಬಿಯಲ್ಲಿ ಮಾರುವ ‘ಗಾರ್ಸಿನಿಯಾ’ ಬೇರೇನಲ್ಲ, ನಮ್ಮ ಉಪ್ಪಾಗೆ. ಹಾನಗಲ್ಲ ದಾಟಿ ಶಿರಸಿ ದಾರಿ ಹಿಡಿದು ಘಟ್ಟದ ಕಡೆ ಸಾಗಿದರೆ ಅದರ ಸೀಮೆ. ಮಳೆಗಾಲದ ಹಣ್ಣು, ಬಿಸಿಲನ್ನು ನೆಚ್ಚಿ ಕೂತರೆ ಕೊಳೆತೇ ಹೋಗುತ್ತದೆ, ಬೆಂಕಿಯ ಮೇಲೆಯೇ ಒಣಗಬೇಕು. ಸಿಪ್ಪೆ ಕೊಳ್ಳುವಾಗ ನಾನು ನೋಡುವುದು ಇಷ್ಟು: ಕಪ್ಪಗಿರಬೇಕು, ಬಾಗಿಸಿದರೆ ಮುರಿಯದೆ ಮಣಿಯಬೇಕು, ಮೂಗಿಗೆ ಮೊದಲು ಹೊಗೆ, ನಾಲಿಗೆಗೆ ಆಮೇಲೆ ಹುಳಿ.

ಈ ಹುಳಿಯ ಗುಟ್ಟು ಬಿಡಿಸಿದ್ದು ಮೈಸೂರಿನಲ್ಲೇ. ಇದರ ಮುಖ್ಯ ಆಮ್ಲ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು 1965ರಲ್ಲಿ ಅಲ್ಲಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ಲೂಯಿಸ್ ಮತ್ತು ನೀಲಕಂಠನ್ ತೋರಿಸಿಕೊಟ್ಟರು. ಮೈಯೊಳಗೆ ಕೊಬ್ಬು ತಯಾರಾಗಲು ಬೇಕಾದ ಒಂದು ಕಿಣ್ವವನ್ನು ಆ ಆಮ್ಲ ತಡೆಯುತ್ತದೆ ಎಂದು ಮುಂದೆ ಪ್ರಯೋಗಾಲಯದಲ್ಲಿ ಗೊತ್ತಾಯಿತು. ಗುಳಿಗೆ ಮಾಡುವವರಿಗೆ ಅಷ್ಟೇ ಸಾಕಾಯಿತು.

ಮನುಷ್ಯರ ಮೇಲೆ ನೋಡಿದಾಗ? 1998ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆ ‘ಜಾಮಾ’ದಲ್ಲಿ ಬಂದ ಅಧ್ಯಯನದಲ್ಲಿ 135 ಮಂದಿ ಇದ್ದರು. ಅವಧಿ 12 ವಾರ. ಉಪ್ಪಾಗೆ ಗುಳಿಗೆ ನುಂಗಿದವರು ಸರಾಸರಿ 3.2 ಕಿಲೊ ಇಳಿದರು. ಔಷಧವೇ ಇಲ್ಲದ ಸೋಗಿನ ಗುಳಿಗೆ ನುಂಗಿದವರು 4.1 ಕಿಲೊ! ಎರಡೂ ಗುಂಪಿಗೆ ಕೊಟ್ಟಿದ್ದು ನಾರು ಹೆಚ್ಚು, ಕ್ಯಾಲೊರಿ ಕಡಿಮೆ ಇರುವ ಊಟ. ತೂಕ ಇಳಿಸಿದ್ದು ತಟ್ಟೆಯೇ ಹೊರತು ಡಬ್ಬಿಯಲ್ಲ. ಮೇಲಾಗಿ ಇಂಥ ಗುಳಿಗೆಗಳಿಂದ ಯಕೃತ್ತು ಕೆಟ್ಟ ಪ್ರಕರಣಗಳೂ ವರದಿಯಾಗಿವೆ. ಸಾರಿಗೆ ಹಾಕುವ ನಾಲ್ಕು ಸಿಪ್ಪೆಗೂ ಸಾರ ತೆಗೆದು ಮಾಡಿದ ಗುಳಿಗೆಗೂ ಹೋಲಿಕೆ ಸಲ್ಲದು.

ಚರಕಸಂಹಿತೆ ಸೂತ್ರಸ್ಥಾನದ 21ನೇ ಅಧ್ಯಾಯ ತೆರೆದರೆ ಸ್ಥೂಲರಿಗೆ ಹೇಳಿದ ಪಥ್ಯ ಸಿಗುತ್ತದೆ: ಹೊಟ್ಟೆಗೆ ಭಾರವಾಗಿರಬೇಕು, ಮೈಗೆ ಹತ್ತಬಾರದು. ತ್ರಿಫಲೆ, ಅಮೃತಬಳ್ಳಿ ಅಲ್ಲಿವೆ ನಿಜ. ಅವುಗಳ ಜೊತೆಗೇ ನವಣೆ, ಸಾಮೆ, ಹಾರಕ, ಹೆಸರು, ಹುರಳಿಯೂ ಇವೆ. ನಮ್ಮ ಅಜ್ಜಿಯರ ಅಡುಗೆಮನೆಯ ಡಬ್ಬಿಗಳೇ ಇವು. ಹಿರೇಕೆರೂರು, ಶಿಗ್ಗಾವಿ ಕಡೆ ಹೊಲಗಳಲ್ಲಿ ಈಗ ಗೋವಿನಜೋಳದ ದರಬಾರು. ಅದು ಮಾರಾಟಕ್ಕೆ, ತಟ್ಟೆಗಲ್ಲ. ತಟ್ಟೆಯಲ್ಲಿ ಬಿಳಿ ಅನ್ನದ ಗುಡ್ಡ.

ನನ್ನನ್ನು ಕೇಳಿದರೆ ಕಷಾಯಗಳ ರಾಜ ಹುರಳಿ ಕಟ್ಟು. ಹುರಳಿಯನ್ನು ಕಲ್ಲು ಆರಿಸಿ ರಾತ್ರಿ ನೆನೆಹಾಕಿ, ಹೆಚ್ಚು ನೀರಿನಲ್ಲಿ ಸಾವಕಾಶ ಬೇಯಿಸಿ. ಕಟ್ಟು ಕಂದು ಬಣ್ಣಕ್ಕೆ ತಿರುಗಿ ಬೆರಳಿಗೆ ತುಸು ಅಂಟಬೇಕು. ಬಸಿದು, ಜಜ್ಜಿದ ಬೆಳ್ಳುಳ್ಳಿ, ಮೆಣಸು, ಜೀರಿಗೆ ಹಾಕಿ ಕುದಿಸಿ. ಹುಳಿಗೆ ಬೇಕಿದ್ದರೆ ಒಂದು ಎಸಳು ಉಪ್ಪಾಗೆ. ಅದರ ಜಾಗ ಅದೇ. ಕಾಳು ಚೆಲ್ಲಬೇಡಿ, ನಾರಿರುವುದು ಅದರಲ್ಲೇ. ಪಲ್ಲೆ ಮಾಡಿ ಜೋಳದ ರೊಟ್ಟಿಗೆ ಹಚ್ಚಿಕೊಳ್ಳಿ. ಊಟದ ಮೇಲೆ ಸವಣೂರಿನ ಎಲೆ ಬೇಕೆನ್ನುವವರ ಮೇಲೆ ನನಗೆ ತಕರಾರಿಲ್ಲ. ಅಡಿಕೆ, ತಂಬಾಕಿನ ಮೇಲೆ ಇದೆ.

ಸಕ್ಕರೆ ಕಾಯಿಲೆಗೆ ಹೇಳುವ ಮೆಂತ್ಯದ ಮಾತು ಬೇರೆ, ಅದಕ್ಕೆ ಪುರಾವೆ ತಕ್ಕಮಟ್ಟಿಗೆ ಇದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಕ್ಕರೆ ಕಾಯಿಲೆಯವರ ರಕ್ತದ ಸಕ್ಕರೆ ಇಳಿದಿತ್ತು. ಆದರೆ ಅವರು ಕೊಟ್ಟದ್ದು ಜಿಡ್ಡು ತೆಗೆದ ಪುಡಿ, ದಿನಕ್ಕೆ 100 ಗ್ರಾಂ, ಎರಡು ಹೊತ್ತಿನ ಊಟದಲ್ಲಿ ಬೆರೆಸಿ. ಬೆಳಗ್ಗೆ ಚಮಚದಷ್ಟು ನೆನೆದ ಕಾಳು ನುಂಗಿ ಅದೇ ಫಲ ಬಯಸುವುದು ದುರಾಸೆ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರಿಗೆ ತಿಳಿಸದೆ ಮೆಂತ್ಯದ ಪ್ರಮಾಣ ಹೆಚ್ಚಿಸಬೇಡಿ. ಸಕ್ಕರೆ ತೀರ ಕೆಳಗಿಳಿದು ತಲೆ ಸುತ್ತೀತು.