ಆಟದ ಒಡೆತನ: ಯಕ್ಷಗಾನ ಬ್ಯಾಲೆಯ ತೀರ್ಪು ಮತ್ತು ಕಲಾವಿದರ ಹಕ್ಕು

ನವೆಂಬರ್ ಬಂತೆಂದರೆ ಬೆಂಗಳೂರಿನ ಹೊರವಲಯದ ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ಜನಪದ ಕಲಾತಂಡಗಳಿಗೆ ಬೇಡಿಕೆ ಹೆಚ್ಚುತ್ತದೆ. ಕಾರ್ಖಾನೆಗಳ ಕನ್ನಡ ಸಂಘಗಳೂ ಮಾಹಿತಿ ತಂತ್ರಜ್ಞಾನದ ಸಂಸ್ಥೆಗಳೂ ರಾಜ್ಯೋತ್ಸವಕ್ಕೆಂದು ಡೊಳ್ಳು, ವೀರಗಾಸೆ, ಪೂಜಾ ಕುಣಿತಗಳನ್ನು ಕರೆಸುತ್ತವೆ. ಕರಾವಳಿಯ ಉದ್ಯೋಗಿಗಳಿರುವಲ್ಲಿ ಯಕ್ಷಗಾನದ ಒಂದು ತುಣುಕೂ ಸೇರಿಕೊಳ್ಳುತ್ತದೆ. ಆಡಿದ್ದೆಲ್ಲವೂ ಚಿತ್ರೀಕರಣಗೊಳ್ಳುತ್ತದೆ. ಆಡಿದ ಆಟ ಯಾರ ಸ್ವತ್ತು, ಚಿತ್ರೀಕರಿಸಿದ ಆಟ ಯಾರ ಸ್ವತ್ತು ಎಂಬ ಪ್ರಶ್ನೆ ಅಲ್ಲಿ ಏಳುವುದು ಅಪರೂಪ. ಅದು ಗಂಭೀರವಾಗಿ ಎದ್ದದ್ದು ಉಡುಪಿಯಲ್ಲಿ. ಅದಕ್ಕೆ ಉತ್ತರವಾಗಿ ಸರ್ವೋಚ್ಚ ನ್ಯಾಯಾಲಯ 2009ರ ಜನವರಿ 23ರಂದು ನೀಡಿದ ತೀರ್ಪು ಜಾನಪದ ವಿದ್ವಾಂಸರಿಂದ ತಕ್ಕ ವಿಮರ್ಶೆಗೆ ಒಳಗಾಗಬೇಕಾದುದು.

ಶಿವರಾಮ ಕಾರಂತರು ಯಕ್ಷಗಾನದ ಮಾತುಗಾರಿಕೆಯನ್ನು ಕಳಚಿ, ಇರುಳಿಡೀ ನಡೆಯುವ ಆಟವನ್ನು ಕೆಲವೇ ಗಂಟೆಗಳಿಗೆ ಇಳಿಸಿ, ಹಿಮ್ಮೇಳಕ್ಕೆ ಪಿಟೀಲು, ಸ್ಯಾಕ್ಸೋಫೋನುಗಳನ್ನು ಸೇರಿಸಿ ಬ್ಯಾಲೆಯೊಂದನ್ನು ರೂಪಿಸಿದರು. 'ಭೀಷ್ಮ ವಿಜಯ', 'ಪಂಚವಟಿ', 'ಅಭಿಮನ್ಯು ವಧೆ' ಮೊದಲಾದ ಏಳು ಪ್ರಸಂಗಗಳು ಈ ಕ್ರಮಕ್ಕೆ ಒಗ್ಗಿದವು. 1994ರ ಉಯಿಲಿನಲ್ಲಿ ಅವರು ತಮ್ಮ ಸಾಹಿತ್ಯದ ಕೃತಿಸ್ವಾಮ್ಯವನ್ನು ಆಪ್ತ ಸಹಾಯಕಿಗೆ ಬರೆದುಕೊಟ್ಟರು, 1997ರಲ್ಲಿ ತೀರಿಕೊಂಡರು. 2001ರಲ್ಲಿ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಷನ್ ನವದೆಹಲಿಯಲ್ಲಿ 'ಅಭಿಮನ್ಯು ವಧೆ'ಯನ್ನು ಅನುಮತಿಯಿಲ್ಲದೆ ಆಡಿಸಿತೆಂಬುದು ಉಯಿಲುದಾರರ ದೂರು. 2003ರಲ್ಲಿ ಉಡುಪಿಯ ಜಿಲ್ಲಾ ನ್ಯಾಯಾಲಯವೂ 2007ರಲ್ಲಿ ಉಚ್ಚ ನ್ಯಾಯಾಲಯವೂ ಅವರ ಪರವಾಗಿ ನಿಂತವು.

ಸರ್ವೋಚ್ಚ ನ್ಯಾಯಾಲಯ ಒಂದು ಮುಖ್ಯ ತಿದ್ದುಪಡಿ ಮಾಡಿತು. ಕುಣಿತದ ಪ್ರದರ್ಶನ 'ಸಾಹಿತ್ಯ ಕೃತಿ'ಯಲ್ಲ, ಅದು 'ನಾಟಕೀಯ ಕೃತಿ' ಎಂದಿತು. ಪದ್ಯವೇ ಪ್ರಸಂಗ, ಪ್ರಸಂಗವೇ ಯಕ್ಷಗಾನ ಎಂದು ನಂಬಿ ಬಂದ ನಮ್ಮ ಸಾಹಿತ್ಯ ಚರಿತ್ರೆಗಳಿಗಿಂತ ಈ ವಿವೇಚನೆ ಸೂಕ್ಷ್ಮವಾದುದೆಂದೇ ಹೇಳಬೇಕು. ಆದರೆ ಕಾನೂನಿನ ನಾಟಕೀಯ ಕೃತಿ ಬರಹದಲ್ಲೋ ಮತ್ತೊಂದು ವಿಧದಲ್ಲೋ ಸ್ಥಿರಗೊಂಡಿರಬೇಕು. ತೊಡಕು ಇರುವುದು ಇಲ್ಲಿಯೇ. ಯಕ್ಷಗಾನದಲ್ಲಿ ಸ್ಥಿರವಾದುದು ಪದ್ಯ ಮಾತ್ರ. ಚಾಲು, ನಡೆ, ಕುಣಿತದ ಬಿಡ್ತಿಗೆ ಆ ರಾತ್ರಿಯ ಭಾಗವತನೂ ವೇಷಧಾರಿಯೂ ಹೊಣೆ. ಕಾರಂತರ ಬ್ಯಾಲೆ ಸ್ಥಿರ ರೂಪಕ್ಕೆ ಹತ್ತಿರವಾದುದರಿಂದಲೇ ಕಾನೂನಿನ ಕಣ್ಣಿಗೆ ಬಿತ್ತು. ಅದು ಎತ್ತಿಕೊಂಡ ಹೆಜ್ಜೆ, ಬಣ್ಣ, ಮಟ್ಟುಗಳ ನಿಧಿಗೆ ಕಾನೂನಿನಲ್ಲಿ ವಾರಸುದಾರರಿಲ್ಲ. ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿ ಪ್ರಸಿದ್ಧವಾದ ರಾಮಾಯಣ ಪ್ರಸಂಗಗಳ ಕರ್ತೃತ್ವದ ಬಗೆಗೇ ವಿದ್ವಾಂಸರು ದಶಕಗಳ ಕಾಲ ವಾದಿಸಿದ್ದಾರೆ. ಹಾಗಿರುವಾಗ ಒಂದು ಪರಿಷ್ಕಾರದಲ್ಲಿ ಪರಂಪರೆಯ ಪಾಲೆಷ್ಟು, ಪರಿಷ್ಕರ್ತನ ಪಾಲೆಷ್ಟು ಎಂಬುದನ್ನು ಅಳೆಯದೆ ರೂಪವನ್ನೇ ಒಬ್ಬರ ಹೆಸರಿಗೆ ಬರೆಯುವುದು ಆತುರದ ಮಾತಾಗುತ್ತದೆ. ಕಾರಂತರ ಹಕ್ಕಿನ ಅವಧಿ 2057ರ ಅಂತ್ಯದವರೆಗೂ ಇದೆ.

ಅದೇ ತೀರ್ಪು ನಿರ್ಬಂಧಕಾಜ್ಞೆಯನ್ನು ಸಡಿಲಿಸಿ 52ನೆಯ ಕಲಮಿನ ವಿನಾಯಿತಿಗಳಿಗೆ ಎಡೆಮಾಡಿತು: ಸಂಶೋಧನೆ, ವಿಮರ್ಶೆಗಾಗಿ ನಡೆಯುವ ನ್ಯಾಯೋಚಿತ ಬಳಕೆ, ವಿದ್ಯಾಸಂಸ್ಥೆಯ ಚಟುವಟಿಕೆಯ ಭಾಗವಾದ ಪ್ರದರ್ಶನ, ಹಣ ತೆರದ ಪ್ರೇಕ್ಷಕರೆದುರು ಹವ್ಯಾಸಿ ಸಂಘದ ಪ್ರದರ್ಶನ. ಈ ಕೊನೆಯ ವಿನಾಯಿತಿ ಕನ್ನಡದ ಕಲಾವ್ಯವಸ್ಥೆಗೆ ಹೊಂದುವುದಿಲ್ಲ. ಹರಕೆ ಬಯಲಾಟದಲ್ಲಿ ಪ್ರೇಕ್ಷಕ ಟಿಕೆಟ್ ಕೊಳ್ಳುವುದಿಲ್ಲ, ಆದರೆ ಮೇಳ ವೃತ್ತಿಪರವಾದುದು. ಹರಕೆ ಹೊತ್ತವನು ವೀಳ್ಯ ಕೊಡುತ್ತಾನೆ. 'ಹವ್ಯಾಸಿ', 'ಹಣ ತೆರದ' ಎಂಬ ಎರಡು ವಿಶೇಷಣಗಳು ಇಲ್ಲಿ ಒಟ್ಟಿಗೆ ನಿಲ್ಲುವುದಿಲ್ಲ. ಧಾರ್ಮಿಕ ವಿಧಿಯ ಅಂಗವಾದ ಪ್ರದರ್ಶನಕ್ಕೆ ಕಾಯ್ದೆಯಲ್ಲಿ ಬೇರೆ ವಿನಾಯಿತಿ ಇದೆಯೆಂಬುದು ಹರಕೆಯಾಟಕ್ಕೆ ಒದಗಬಹುದಾದ ಆಸರೆ. ಎಲೆಕ್ಟ್ರಾನಿಕ್ ಸಿಟಿಯ ಸಂಸ್ಥೆಯೊಂದರ ಅಂಗಳದ ರಾಜ್ಯೋತ್ಸವಕ್ಕೆ ಅದೂ ಇಲ್ಲ. ಅಲ್ಲಿಯೂ ನೋಡುವವರು ಹಣ ತೆರುವುದಿಲ್ಲ, ಆಡುವವರಿಗೆ ಸಂಭಾವನೆ ಉಂಟು. ಅದು ದೇವರಿಲ್ಲದ ಹರಕೆಯಾಟ. ಪೀಣ್ಯದ ಕಾರ್ಮಿಕರು ತಾವೇ ಗೆಜ್ಜೆ ಕಟ್ಟಿದರೆ ವಿನಾಯಿತಿಯ ಒಳಗೆ. ವೃತ್ತಿ ತಂಡವನ್ನು ಕರೆಸಿ ಕಾರಂತರ ಕ್ರಮದ 'ಅಭಿಮನ್ಯು'ವನ್ನು ಆಡಿಸಿದರೆ ಹೊರಗೆ.

ವೇಷಧಾರಿಗಳ, ಹಿಮ್ಮೇಳದವರ ಹಕ್ಕು ಈ ವ್ಯಾಜ್ಯದಲ್ಲಿ ಚರ್ಚೆಗೆ ಬರಲಿಲ್ಲ. ಸಂಸ್ಥೆ ಮತ್ತು ಉಯಿಲುದಾರರ ನಡುವಿನ ಜಗಳದಲ್ಲಿ ಅದಕ್ಕೆ ಸಂದರ್ಭವಿರಲಿಲ್ಲವೆನ್ನಬಹುದು. ಆದರೆ 1994ರ ತಿದ್ದುಪಡಿಯಿಂದಲೇ ಪ್ರದರ್ಶನಕಾರರ ಹಕ್ಕು ಕಾಯ್ದೆಯಲ್ಲಿದೆ. ಅದರ ವ್ಯಾಖ್ಯೆಯಲ್ಲಿ ನಟ, ಗಾಯಕ, ನರ್ತಕರೊಡನೆ ಕಸರತ್ತಿನವರೂ ಹಾವಾಡಿಗರೂ ಸೇರಿದ್ದಾರೆ. ಜಾನಪದ ಕೋಶಗಳಲ್ಲಿ ಸಿಗುವಷ್ಟು ಉದಾರವಾದ ಪಟ್ಟಿ. ಪ್ರಸಂಗಕರ್ತ ಯಾರೇ ಆಗಿರಲಿ, ಕೃತಿ ಅನಾಮಿಕವೇ ಆಗಿರಲಿ, ಡೊಳ್ಳು ಬಾರಿಸಿದವನಿಗೆ ಆ ಬಾರಿಸುವಿಕೆಯ ಮೇಲೆ 50 ವರ್ಷಗಳ ಹಕ್ಕು. ಪರಂಪರೆಗೆ ಒಡೆಯನಿಲ್ಲವೆಂಬ ನೆಪ ಇಲ್ಲಿ ನಿಲ್ಲದು. 2012ರ ತಿದ್ದುಪಡಿ ಇದನ್ನು ಇನ್ನಷ್ಟು ಬಲಪಡಿಸಿತು: ಧ್ವನಿ ಅಥವಾ ದೃಶ್ಯ ಮುದ್ರಣಕ್ಕೂ ಅದರ ಪ್ರಸಾರಕ್ಕೂ ಒಪ್ಪಿಗೆ ಕೊಡುವ ಅಧಿಕಾರ ಕಲಾವಿದನದು, ಚಲನಚಿತ್ರಕ್ಕೆ ಲಿಖಿತ ಒಪ್ಪಿಗೆ ಕೊಟ್ಟ ಮೇಲೂ ವಾಣಿಜ್ಯ ಬಳಕೆಯ ರಾಯಧನ ಅವನಿಗೆ ಸಲ್ಲತಕ್ಕದ್ದು, ಪ್ರದರ್ಶನಕಾರನೆಂದು ತನ್ನ ಹೆಸರು ಹೇಳಿಸಿಕೊಳ್ಳುವ ನೈತಿಕ ಹಕ್ಕೂ ಉಂಟು.

ಕಂಪನಿ ಸಮಾರಂಭಕ್ಕೆ ಬರುವ ತಂಡ ಆ ದಿನದ ಸಂಭಾವನೆ, ಪ್ರಯಾಣದ ಖರ್ಚುಗಳನ್ನು ಮಾತಾಡಿಕೊಂಡು ಬರುತ್ತದೆ. ಈ ಮಾತುಕತೆ ವೀಳ್ಯದ ಹಳೆಯ ನ್ಯಾಯದಲ್ಲೇ ನಡೆಯುವುದು: ಕೊಟ್ಟ ಹಣ ಆಡಿದ ಆಟಕ್ಕೆ. ಮುದ್ರಿಕೆ ಆ ಒಪ್ಪಂದದಲ್ಲಿ ಸೇರಿಲ್ಲ. ಅದು ಸಂಸ್ಥೆಯ ಜಾಹೀರಾತಿನಲ್ಲಿ ಮೂಡಿ, ಕೆಳಗೆ 'ಜನಪದ ಕಲಾವಿದರು' ಎಂಬ ಒಂದೇ ಮಾತು ಕಾಣಿಸಿಕೊಂಡರೆ, ತಾಳ ಹಿಡಿದವರ ಊರು, ಹೆಸರುಗಳಿಗೆ ಅದರಲ್ಲಿ ಜಾಗವಿರುವುದಿಲ್ಲ.